ಸೋಪಮ್ಮನ ಬೇಸಿನ್ನು

ಸೋಪಮ್ಮ ಎಂಬುದು ಅವಳ ಹೆಸರಲ್ಲ. ಗಾಯಾಳುಗಳ ವಾರ್ಡಿಗೆ ಹಿರಿಯ ನರ್ಸಾಗಿ ಬಂದ ಹೊಸದರಲ್ಲಿ ಯಾರೋ ಕಿಡಿಗೇಡಿಗಳು ಇಟ್ಟ ಹೆಸರು, ಅದೇ ಖಾಯಂ ಆಯಿತು. ಕೈ ತೊಳೆಯದೆ ಯಾರೂ ಯಾವ ರೋಗಿಯನ್ನೂ ಮುಟ್ಟುವಂತಿಲ್ಲ ಎಂಬುದು ಅವಳ ಕಟ್ಟಳೆ. ದೊಡ್ಡ ಡಾಕ್ಟರಾದರೂ ಅಷ್ಟೆ, ಬಾಗಿಲಲ್ಲೇ ತಡೆದು ಬೇಸಿನ್ನಿನ ಕಡೆ ಬೆರಳು ತೋರಿಸುತ್ತಿದ್ದಳು. ಒಮ್ಮೆ ಆಸ್ಪತ್ರೆಯ ಅಧ್ಯಕ್ಷರನ್ನೇ ಹಾಗೆ ನಿಲ್ಲಿಸಿ, ಗಡಿಯಾರ ಬಿಚ್ಚಿಸಿ, ಮೊಣಕೈವರೆಗೆ ಸೋಪು ಹಚ್ಚಿಸಿದ್ದಳು. ಅವರು ಮುಖ ಊದಿಸಿಕೊಂಡು ಹೋದರು. ಆದರೆ ಶುದ್ಧವಾದ ಕೈಯಲ್ಲಿ ಹೋದರು ಎಂದು ಸೋಪಮ್ಮ ಆಮೇಲೆ ಎಲ್ಲರಿಗೂ ಹೇಳಿಕೊಂಡಳು.

ಅವಳ ಇನ್ನೊಂದು ಕಟ್ಟಳೆ ಬಾಟಲಿಯದ್ದು. ಹಿಂದೆಲ್ಲ ಡ್ರಿಪ್ ಮುಗಿದ ಗಾಜಿನ ಬಾಟಲಿಗಳನ್ನು ತಳದಲ್ಲಿ ಉಳಿದ ಔಷಧದ ಸಮೇತ ಕಸದ ಚೀಲಕ್ಕೆ ಹಾಕುತ್ತಿದ್ದರು. ಚೀಲ ಸೋರಿ ಮೆಟ್ಟಿಲೆಲ್ಲ ಅಂಟಂಟಾಗಿ, ಒಬ್ಬ ಆಯಾ ಜಾರಿಬಿದ್ದು ಸೊಂಟ ಉಳುಕಿಸಿಕೊಂಡ ಮೇಲೆ ಸೋಪಮ್ಮ ತನ್ನ ಸೊಂಟ ಕಟ್ಟಿ ನಿಂತಳು. ಉಳಿದದ್ದನ್ನು ಕೈ ತೊಳೆಯುವ ಬೇಸಿನ್ನಿಗೆ ಸುರಿಯಬೇಕು. ಬಾಟಲಿಗೆ ಒಂದಿಷ್ಟು ನೀರು ಹಿಡಿದು ಕುಲುಕಿ ಅದನ್ನೂ ಸುರಿಯಬೇಕು. ಆಮೇಲೆ ಬಾಟಲಿಯ ಕತ್ತನ್ನು ಬೇಸಿನ್ನಿನ ಅಂಚಿಗೆ ಎರಡು ಸಲ ಮೆಲ್ಲನೆ ಬಡಿದು ಕಡೆಯ ಹನಿಯನ್ನೂ ಉದುರಿಸಬೇಕು. ಟಕ್ ಟಕ್. ಅವಳು ಬಡಿಯುವಾಗ ಕಿರುಬೆರಳು ತಾನಾಗಿ ಮೇಲೇಳುತ್ತಿತ್ತು. ಅವಳ ಕೈಕೆಳಗೆ ಕಲಿತ ಹುಡುಗಿಯರೂ ಯಾಕೆ ಏನು ಎಂದು ಕೇಳದೆ ಕಿರುಬೆರಳನ್ನು ಎತ್ತಿಯೇ ಬಡಿಯುತ್ತಿದ್ದರು. ಚೀಲ ಸೋರುವುದು ನಿಂತಿತು, ಮೆಟ್ಟಿಲು ಒಣಗಿತು, ಬೇರೆ ವಾರ್ಡಿನವರು ಬಂದು ನೋಡಿ ತಲೆದೂಗಿ ಹೋದರು.

ಇಂಥ ವಾರ್ಡಿಗೆ ಅವಳ ಅಣ್ಣ ಬಂದು ಸೇರಿದ. ಅಣ್ಣನದ್ದು ಬೀಗ ರಿಪೇರಿಯ ಕಸುಬು. ರಸ್ತೆಯ ತಿರುವಿನಲ್ಲಿ ಒಂದು ಗೂಡಂಗಡಿ, ಒಳಗೆ ತಂತಿಗೆ ಪೋಣಿಸಿದ ಸಾವಿರಾರು ಕೀಲಿಗಳು, ಮಧ್ಯೆ ಕಾಲಿನಿಂದ ತುಳಿದು ತಿರುಗಿಸುವ ಸಾಣೆಚಕ್ರ. ಮೋಟಾರಿನ ಚಕ್ರ ಕೊಳ್ಳು ಎಂದು ಎಲ್ಲರೂ ಹೇಳಿ ಹೇಳಿ ಸುಸ್ತಾಗಿದ್ದರು. ಮೋಟಾರಿಗೆ ಹಿತ್ತಾಳೆಯ ಮನಸ್ಸು ತಿಳಿಯುವುದಿಲ್ಲ ಎಂದು ಅವನ ವಾದ. ಯಾರದೋ ಮನೆಯ ಹಳೇ ಕಬ್ಬಿಣದ ತಿಜೋರಿ ಬಿಡಿಸಲು ಹೋದಾಗ ಬೀಗವೇನೋ ಬಂತು, ಅದರ ಹಿಂದೆಯೇ ಕೀಲು ಸವೆದ ಬಾಗಿಲೂ ಬಂತು, ನೇರ ಅವನ ಬಲಪಾದದ ಮೇಲೆ. ಚಕ್ರ ತುಳಿಯುವ ಕಾಲು ಅದೇ. ತಿಜೋರಿಯೊಳಗೆ ಏನೂ ಇರಲಿಲ್ಲ.

ಸೋಪಮ್ಮ ಅಣ್ಣನಿಗೆ ವಾರ್ಡಿನಲ್ಲೇ ಒಳ್ಳೆಯ ಹಾಸಿಗೆ ಕೊಟ್ಟಳು. ಅವಳ ಲೆಕ್ಕದಲ್ಲಿ ಒಳ್ಳೆಯ ಹಾಸಿಗೆಯೆಂದರೆ ಕಿಟಕಿ ಪಕ್ಕದ್ದಲ್ಲ, ಬೇಸಿನ್ನಿನ ಪಕ್ಕದ್ದು. ಅಲ್ಲಿದ್ದರೆ ಯಾರೇ ಬರಲಿ, ಕೈ ತೊಳೆದು ತಿರುಗಿದರೆ ಎದುರಿಗೆ ಅಣ್ಣನ ಕಾಲು. ಇದು ಪಕ್ಷಪಾತ ಎಂದು ಅವಳಿಗೂ ಗೊತ್ತಿತ್ತು. ಒಡಹುಟ್ಟಿದವನು ಇರುವುದು ಒಬ್ಬನೇ, ಪಕ್ಷಪಾತ ಮಾಡದೆ ಇನ್ನೇನು ಮಾಡುವುದು.

ಅಣ್ಣನ ಮಗಳು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ರೋಗಿಗಳ ಕೀವು, ಮೂತ್ರ, ರಕ್ತದಲ್ಲಿರುವ ಬ್ಯಾಕ್ಟೀರಿಯಾಗಳನ್ನು ಅಗಲವಾದ ಪ್ಲೇಟುಗಳಲ್ಲಿ ಬೆಳೆಸಿ, ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನಿಟ್ಟು ಯಾವುದಕ್ಕೆ ಸಾಯುತ್ತವೆ ಎಂದು ನೋಡುವುದು ಅವಳ ಕೆಲಸ. ಅಪ್ಪನ ಗಾಯದಿಂದ ತೆಗೆದದ್ದನ್ನು ಅವಳೇ ಬೆಳೆಸಿ ನೋಡಿದಳು. ಒಂದೊಂದು ಬಿಲ್ಲೆಯ ಸುತ್ತಲೂ ದುಂಡಗೆ ಖಾಲಿ ಜಾಗ, ಒಂದು ಬ್ಯಾಕ್ಟೀರಿಯಾವೂ ಹತ್ತಿರ ಸುಳಿದಿರಲಿಲ್ಲ.

"ಅಪ್ಪನ ಗಾಯದಲ್ಲಿರೋದು ಬಡಪಾಯಿಗಳು ಅತ್ತೆ. ಏನು ಕೊಟ್ರೂ ಸಾಯ್ತವೆ" ಎಂದಳು.

"ನಮ್ಮಣ್ಣನ ಥರಾನೇ" ಎಂದಳು ಸೋಪಮ್ಮ.

ಕೆಲವು ದಿನ ಎಲ್ಲ ಸುಸೂತ್ರವಾಗಿತ್ತು. ಗಾಯ ಕೆಂಪಗೆ, ಒಣಗುವ ದಾರಿಯಲ್ಲಿತ್ತು. ಅಣ್ಣ ಮಲಗಿದಲ್ಲಿಂದಲೇ ಇಡೀ ವಾರ್ಡಿನ ಬೀಗಗಳ ವಿಮರ್ಶೆ ಮಾಡುತ್ತಿದ್ದ. ಔಷಧದ ಕಪಾಟಿಗೆ ಹಾಕಿದ ಬೀಗ ಹೇರ್‌ಪಿನ್ನಿಗೂ ಮರ್ಯಾದೆ ಕೊಡುತ್ತೆ ಎಂದು ಹೇಳಿ ಸ್ಟೋರಿನವನ ನಿದ್ದೆ ಕೆಡಿಸಿದ. ಕಣ್ಣು ಮುಚ್ಚಿಕೊಂಡೇ, ಬೇಸಿನ್ನಿಗೆ ಬಾಟಲಿ ಬಡಿಯುವ ಸದ್ದಿನಿಂದ ತಂಗಿಯನ್ನು ಗುರುತು ಹಿಡಿಯುತ್ತಿದ್ದ.

"ಬಂದ್ಯಾ ಪುಟ್ಟಿ? ಬೇರೆಯವರದು ಬರೀ ಬಡಿತ. ನಿಂದು ಬಾಗಿಲು ತಟ್ಟಿದ ಹಾಗಿರುತ್ತೆ."

ಆಚೆ ಪಕ್ಕದ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ತೊಡೆ ಮೂಳೆ ಮುರಿದುಕೊಂಡು ಮಲಗಿದ್ದರು. ಮೂತ್ರಕ್ಕೆ ಕೊಳವೆ ಹಾಕಿದ್ದರು, ಅದರಿಂದ ಸೋಂಕಾಗಿ ಜ್ವರ ಹತ್ತಿತು. ಅವರ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾ ಬಡಪಾಯಿಯಾಗಿರಲಿಲ್ಲ. ಒಂದಾದ ಮೇಲೆ ಒಂದು ಆಂಟಿಬಯಾಟಿಕ್ ಕೊಟ್ಟರೂ ಅದು ಜಪ್ಪಯ್ಯ ಅನ್ನಲಿಲ್ಲ. ಅವರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು, ಅಲ್ಲಿ ಅವರು ತೀರಿಕೊಂಡರು. ಅವರ ಕನ್ನಡಕ ಅಣ್ಣನ ಪಕ್ಕದ ಮೇಜಿನ ಮೇಲೆಯೇ ಉಳಿದಿತ್ತು, ಮಗ ಬಂದು ತೆಗೆದುಕೊಂಡು ಹೋದ.

ಅದಾಗಿ ಸ್ವಲ್ಪ ದಿನಕ್ಕೆ ಅಣ್ಣನಿಗೆ ಚಳಿಜ್ವರ ಬಂತು. ಬ್ಯಾಂಡೇಜು ಬಿಚ್ಚಿದಾಗ ವಾಸನೆ ಎದ್ದಿತು, ಸೋಪಮ್ಮ ಆಗಲೇ ಕೀವು ತೆಗೆದು ಲ್ಯಾಬಿಗೆ ಕಳಿಸಿದಳು. ಹೊಸದಾಗಿ ಬೆಳೆಸಿದ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬಿಲ್ಲೆಗಳ ಅಂಚಿನ ತನಕ ಹೆದರಿಕೆಯಿಲ್ಲದೆ ಹಬ್ಬಿಕೊಂಡಿತ್ತು. ವಾರ್ಡಿನ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ.

"ಒಂದು ಔಷಧಿ ಉಳಿದಿದೆ ಸಿಸ್ಟರ್. ಕಿಡ್ನಿಗೆ ಕಷ್ಟ, ಆದ್ರೂ ಕೊಡೋಣ. ಅದಕ್ಕೂ ಬಗ್ಗದಿದ್ರೆ ಮೊಣಕಾಲ ಕೆಳಗೆ ತೆಗೀಬೇಕಾಗುತ್ತೆ. ಕಾಲು ನೋಡ್ತಾ ಕೂತ್ರೆ ಜೀವ ಹೋಗುತ್ತೆ."

"ಮೇಷ್ಟ್ರಿಂದ ಅಂಟಿತಾ ಡಾಕ್ಟ್ರೇ?" ಎಂದು ಅವಳು ಕೇಳಿದಳು.

"ಇಲ್ಲ. ಅವರ ಬ್ಯಾಕ್ಟೀರಿಯಾ ಒಂದು ಜಾತಿ, ಇವರದು ಇನ್ನೊಂದು. ಒಂದೇ ಜಾತಿ ಆಗಿದ್ರೆ ವಾರ್ಡಲ್ಲಿ ಹರಡಿದೆ ಅನ್ನಬಹುದಿತ್ತು. ಇದು ಕಾಕತಾಳೀಯ. ನಿಮ್ಮ ವಾರ್ಡು ಚೊಕ್ಕಟವಾಗೇ ಇದೆ."

ಹರಡಿದೆಯೇ ಇಲ್ಲವೇ ಎಂದು ತೀರ್ಮಾನಿಸುವಾಗ ಆ ಆಸ್ಪತ್ರೆಯಲ್ಲಿ ನೋಡುತ್ತಿದ್ದದ್ದು ಜಾತಿ ಒಂದನ್ನೇ. ಒಬ್ಬರಿಂದ ಒಬ್ಬರಿಗೆ ಅಂಟಿದ್ದರೆ ಇಬ್ಬರಲ್ಲೂ ಒಂದೇ ಜಾತಿ ಇರಬೇಕು, ಬೇರೆಯಾದರೆ ಸಂಬಂಧವಿಲ್ಲ. ಸೋಪಮ್ಮನೂ ಹಾಗೇ ಕಲಿತವಳು. ಅಣ್ಣನ ಕಾಲು ಹೋಗುವುದರಲ್ಲಿದ್ದರೂ, ನನ್ನ ವಾರ್ಡಿನಿಂದ ಆದದ್ದಲ್ಲವಲ್ಲ ಎಂದು ಅವಳಿಗೆ ಆ ಹೊತ್ತಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕಾಗಿ ಆಮೇಲೆ ಅವಳು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಆದರೆ ಅಣ್ಣನ ಮಗಳಿಗೆ ಕಾಕತಾಳೀಯ ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಒಂದು ಮಧ್ಯಾಹ್ನ ಅತ್ತೆಯನ್ನು ಲ್ಯಾಬಿಗೆ ಕರೆಸಿ, ಎರಡು ಪ್ಲೇಟುಗಳನ್ನು ಬೆಳಕಿಗೆ ಹಿಡಿದಳು.

"ಇದು ಮೇಷ್ಟ್ರದು, ಇದು ಅಪ್ಪಂದು. ಜಾತಿ ಬೇರೆ, ಡಾಕ್ಟ್ರು ಹೇಳಿದ್ದು ಸರಿಯೇ. ಆದ್ರೆ ಔಷಧಿನ ಎರಡೂ ಮುರಿಯೋದು ಒಂದೇ ಜೀನಿನಿಂದ. ಅಕ್ಷರಕ್ಕೆ ಅಕ್ಷರ ಒಂದೇ."

"ಅದು ಹೇಗೆ? ಅಪ್ಪ ಅಮ್ಮ ಬೇರೆ, ಮೂಗು ಮಾತ್ರ ಒಂದೇನಾ?"

"ಅವು ನಮ್ಮ ಹಾಗಲ್ಲ ಅತ್ತೆ. ನಿಮ್ಮ ಮೂಗು ನನಗೆ ಬಂದಿದ್ದು ಅಪ್ಪನ ಕಡೆಯಿಂದ, ರಕ್ತದ ನಂಟಿಂದ. ಅವಕ್ಕೆ ನಂಟು ಬೇಡ. ಪಕ್ಕದಲ್ಲಿದ್ರೆ ಸಾಕು. ಮುಖ್ಯ ಜೀನುಗಳ ಗಂಟಿನ ಜೊತೆಗೆ ಕೆಲವುಗಳ ಹತ್ರ ಸಣ್ಣ ಉಂಗುರದಂಥಾದ್ದು ಒಂದಿರುತ್ತೆ, ಪ್ಲಾಸ್ಮಿಡ್ ಅಂತೀವಿ. ಔಷಧಿ ಮುರಿಯೋ ವಿದ್ಯೆ ಇರೋದು ಅದರಲ್ಲಿ. ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನ ಹತ್ರ ಎಳ್ಕೊಂಡು, ಉಂಗುರದ ನಕಲು ಮಾಡಿ ದಾಟಿಸುತ್ತೆ. ತನ್ನದು ತನ್ನ ಹತ್ರಾನೇ ಉಳಿಯುತ್ತೆ. ತಗೊಂಡದ್ದು ಮತ್ತೊಂದಕ್ಕೆ ಕೊಡುತ್ತೆ. ಜಾತಿ ಯಾವುದು ಅಂತ ಹೆಚ್ಚೇನೂ ವಿಚಾರಿಸಲ್ಲ."

ಸೋಪಮ್ಮ ಎರಡೂ ಪ್ಲೇಟುಗಳನ್ನು ನೋಡುತ್ತ ನಿಂತಳು. ಒಂದು ಬೂದು, ಇನ್ನೊಂದು ನಸುಹಳದಿ. ಮುಖಲಕ್ಷಣದಲ್ಲಿ ಎಳ್ಳಷ್ಟೂ ಹೋಲಿಕೆ ಇರಲಿಲ್ಲ.

"ಅಂದ್ರೆ ಇವೆರಡೂ ಎಲ್ಲೋ ಒಂದು ಕಡೆ ಪಕ್ಕಪಕ್ಕ ಇದ್ವು ಅಂತ."

"ಇವೆರಡೇ ಅಂತಲ್ಲ. ಮಧ್ಯೆ ಇನ್ನೂ ಎಷ್ಟು ಕೈ ದಾಟಿದೆಯೋ. ಆ ಜಾಗ ಸಿಗಬೇಕು. ನಿಮ್ಮ ವಾರ್ಡಲ್ಲೇ ಎಲ್ಲೋ ಇದೆ."

ಮರುದಿನ ಅವಳು ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದು ಬಂದಳು. ಸೋಪಮ್ಮ ತಾನೇ ಮುಂದೆ ನಿಂತು ಎಲ್ಲ ತೆಗೆದು ತೋರಿಸಿದಳು. ಮಂಚದ ಕಂಬಿ, ಬಾಗಿಲ ಹಿಡಿ, ಬ್ಯಾಂಡೇಜಿನ ಟ್ರೇ, ಕತ್ತರಿ, ಪರದೆ, ನರ್ಸುಗಳ ಅಂಗೈ, ತನ್ನ ಉಗುರಿನ ಸಂದಿ. ನೋಡಿಕೋ ಎಂಬ ಠೀವಿ ಅವಳಲ್ಲಿತ್ತು. ಕೊನೆಗೆ ಸೋದರಸೊಸೆ ಬೇಸಿನ್ನಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಪೈಪಿನ ಬಾಗು ಬಿಚ್ಚತೊಡಗಿದಾಗ ಮಾತ್ರ ಸೋಪಮ್ಮ ಹುಬ್ಬು ಗಂಟಿಕ್ಕಿದಳು.

"ಅದಕ್ಯಾಕೆ ಕೈ ಹಾಕ್ತೀಯ? ಇಡೀ ಆಸ್ಪತ್ರೆಯಲ್ಲಿ ಅಷ್ಟು ಸೋಪು ಕಂಡ ಜಾಗ ಇನ್ನೊಂದಿಲ್ಲ."

"ಸುಮ್ನೆ ನೋಡ್ತೀನಿ ಅತ್ತೆ" ಎಂದು ಸೊಸೆ ಕಡ್ಡಿಯನ್ನು ಒಳಗೆ ತಿರುಗಿಸಿ ತೆಗೆದಳು. ಹತ್ತಿಗೆ ಕಂದುಬಣ್ಣದ ಲೋಳೆ ಹತ್ತಿತ್ತು.

ಕಂಬಿ, ಕತ್ತರಿ, ಅಂಗೈ ಎಲ್ಲ ಶುದ್ಧವೆಂದು ಬಂತು. ಲೋಳೆಯಲ್ಲಿ ಒಂದು ಜಾತ್ರೆಯೇ ನೆರೆದಿತ್ತು. ಎಷ್ಟೋ ಜಾತಿಯವು, ಅವುಗಳಲ್ಲಿ ಮೇಷ್ಟ್ರದೂ ಇತ್ತು, ಅಣ್ಣನ ಕಾಲಿನದೂ ಇತ್ತು. ಹೆಚ್ಚಿನವುಗಳ ಹತ್ತಿರ ಅದೇ ಉಂಗುರ. ಮೇಷ್ಟ್ರ ಕೊಳವೆ ಮುಟ್ಟಿದ ಕೈಗಳೆಲ್ಲ ಶಿಸ್ತಾಗಿ ಆ ಬೇಸಿನ್ನಿನಲ್ಲೇ ತೊಳೆದುಕೊಂಡಿದ್ದವು. ಮೊದಲ ಉಂಗುರ ಆ ನೀರಿನ ಜೊತೆ ಇಳಿದಿರಬೇಕು ಎಂದು ಸೊಸೆಯ ಊಹೆ.

"ಸರಿ, ಇಳಿದ್ವು. ಅಷ್ಟು ನೀರು ಹೋಗುತ್ತೆ, ಕೊಚ್ಕೊಂಡು ಹೋಗಬಾರದಿತ್ತಾ? ಆ ಉಂಗುರ ಎಲ್ಲಕ್ಕೂ ಯಾಕೆ ಬೇಕಾಯ್ತು?" ಎಂದಳು ಸೋಪಮ್ಮ.

ಸೊಸೆ ಕೈಯಲ್ಲಿದ್ದ ಗವಸನ್ನು ಮಡಚಿದಳು, ಬಿಡಿಸಿದಳು.

"ಲೋಳೆ ಅಷ್ಟು ಸುಲಭಕ್ಕೆ ಜಾಗ ಬಿಡಲ್ಲ. ಮತ್ತೆ ಅಲ್ಲಿ ದಿನಾ ಔಷಧಿ ಬೀಳುತ್ತಲ್ಲ ಅತ್ತೆ. ಸ್ವಲ್ಪ ಸ್ವಲ್ಪ, ನೀರು ಬೆರೆತದ್ದು. ಉಂಗುರ ಇಲ್ಲದ್ದು ಸಾಯುತ್ತೆ, ಇದ್ದದ್ದು ಉಳಿಯುತ್ತೆ. ಪಕ್ಕದ್ದರಿಂದ ತಗೊಂಡದ್ದೂ ಉಳಿಯುತ್ತೆ."

ಬಾಟಲಿಯ ಕಟ್ಟಳೆ ಯಾರದ್ದು ಎಂದು ಇಬ್ಬರಿಗೂ ಗೊತ್ತಿತ್ತು.

"ಪೈಪಿನ ಒಳಗಿದ್ದದ್ದು ಮೇಲೆ ಹೇಗೆ ಬಂತು?" ಎಂದು ಸೋಪಮ್ಮ ಕೇಳಿದಳು. ಅದೊಂದೇ ಎಳೆ ಉಳಿದಿತ್ತು, ಅದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಸೊಸೆ ಒಂದು ಬಾಟಲಿ ನೀಲಿ ಬಣ್ಣ ತಂದು ಬೇಸಿನ್ನಿನ ತೂತಿಗೆ ಸುರಿದಳು. ಅಣ್ಣನನ್ನು ಹಾಸಿಗೆ ಸಮೇತ ಆಚೆ ತಳ್ಳಿ, ಅವನಿದ್ದ ಜಾಗದಲ್ಲಿ ಒಂದು ಖಾಲಿ ಮಂಚ ಇಟ್ಟು, ಇಸ್ತ್ರಿ ಮಾಡಿದ ಬಿಳಿ ಹಾಸು ಹೊದಿಸಿದರು. ಎಂದಿನ ಜಾಗದಲ್ಲೇ ಬ್ಯಾಂಡೇಜಿನ ಟ್ರೇ ಇಟ್ಟರು. ಸೋಪಮ್ಮನೇ ನಲ್ಲಿ ತಿರುಗಿಸಿದಳು, ದಿನವೂ ತಿರುಗಿಸುವಷ್ಟೇ. ನೀರು ನೇರವಾಗಿ ತೂತಿನ ಮೇಲೆ ಬಿದ್ದು ಸಿಡಿಯಿತು. ಕಣ್ಣಿಗೆ ಕಾಣುವಂಥ ಸಿಡಿತವೇನಲ್ಲ. ಕೈ ತೊಳೆಯುವಷ್ಟು ಹೊತ್ತು ಬಿಟ್ಟು ನಲ್ಲಿ ನಿಲ್ಲಿಸಿದಳು.

ಬಿಳಿ ಹಾಸಿನ ಮೇಲೆ, ಅಣ್ಣ ಕಾಲು ಚಾಚುವ ಕಡೆ, ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳು. ಟ್ರೇಯಲ್ಲೂ ಇದ್ದವು. ಮಡಚಿಟ್ಟ ಬ್ಯಾಂಡೇಜಿನ ಮೇಲೂ ಇದ್ದವು. ಸೋಪಮ್ಮ ಬಗ್ಗಿ ಒಂದು ಚುಕ್ಕೆಯನ್ನು ಬೆರಳಿಂದ ಒರೆಸಿದಳು, ಅದು ಉದ್ದಕ್ಕೆ ಹರಡಿಕೊಂಡಿತು. ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೆಲ್ಲ ಈ ಹಾಸಿಗೆಯನ್ನು ಎಂದು ನೆನಪಾಗಿ ಅವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಬಂದವು. ಅಳಲಿಲ್ಲ. ಹಾಸನ್ನು ಸುತ್ತಿ ತಾನೇ ಒಗೆಯಲು ಕಳಿಸಿದಳು.

ಅಣ್ಣನಿಗೂ ತಾನೇ ಹೇಳಿದಳು. ಸುತ್ತಿ ಬಳಸದೆ, ಡಾಕ್ಟರ ಹಾಗೆ ಹೇಳಿದಳು. ಅವನ ಮುಖ ಜ್ವರದಲ್ಲಿ ಕೆಂಪೇರಿತ್ತು. ಮಗಳಿಂದ ಉಂಗುರದ ಕಥೆಯನ್ನು ಆಗಲೇ ಕೇಳಿಸಿಕೊಂಡಿದ್ದ.

"ನಾನೂ ಅಷ್ಟೇ ಅಲ್ವಾ ಪುಟ್ಟಿ. ಕೀಲಿ ತಂದು ಇನ್ನೊಂದು ಮಾಡಿಕೊಡು ಅಂತಾರೆ, ಮಾಡಿಕೊಡ್ತೀನಿ. ಅವರದು ಅವರಿಗೆ ವಾಪಸ್ಸು, ನಕಲೂ ಅವರಿಗೆ. ಯಾರ ಮನೆ ಬಾಗಿಲದು ಅಂತ ನಾನೇನು ಹಿಂದೆ ಹೋಗಿ ನೋಡ್ತೀನಾ?"

"ನಿಂದು ಕಸುಬು. ನಂದು ಹಟ."

"ಇರಲಿ ಬಿಡು. ಕಾಲು ಇದ್ರೆ ಚಕ್ರ ತುಳೀತೀನಿ. ಇಲ್ದಿದ್ರೆ ಮೋಟಾರು ತಗೋತೀನಿ. ಎಲ್ಲರಿಗೂ ಸಂತೋಷವಾಗುತ್ತೆ" ಎಂದು ನಕ್ಕ. ನಗುವಾಗ ಹಲ್ಲು ಕಟಕಟ ಎನ್ನುತ್ತಿದ್ದವು. ಅವನಿಗೆ ಮೋಟಾರು ಬೇಡವಾಗಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂದೇ ಅವನನ್ನು ಅಂಗಳದಾಚೆಯ ಹೊಸ ಕಟ್ಟಡದ ಒಂಟಿ ಕೋಣೆಗೆ ಸಾಗಿಸಿ ಕೊನೆಯ ಔಷಧ ಶುರು ಮಾಡಿದರು. ಸೋಂಕಿದ್ದ ವಾರ್ಡಿನವಳು ಅತ್ತ ಸುಳಿಯಬಾರದೆಂದು ಸೋಪಮ್ಮನನ್ನೇ ತಡೆದರು. ಜನರನ್ನು ಬಾಗಿಲಲ್ಲಿ ತಡೆದು ಅಭ್ಯಾಸವಿದ್ದವಳು, ತಡೆಸಿಕೊಂಡದ್ದು ಅದೇ ಮೊದಲು. ಸುದ್ದಿ ಸೊಸೆಯ ಬಾಯಿಂದಲೇ ಬರಬೇಕು. ಎರಡು ಕಾಲ್ಬೆರಳು ಹೋದವು. ಕಿಡ್ನಿ ಸ್ವಲ್ಪ ನರಳಿ ಸುಧಾರಿಸಿಕೊಂಡಿತು. ಆಮೇಲೆ ಜ್ವರ ಇಳಿಯಿತು.

"ಪ್ಲೇಟಲ್ಲಿ ಆ ಔಷಧಿ ಬಿಲ್ಲೆ ಸುತ್ತ ಮಾತ್ರ ಖಾಲಿ ಜಾಗ ಇದೆ ಅತ್ತೆ. ಅದೊಂದಕ್ಕೆ ಇನ್ನೂ ಹೆದರ್ತವೆ. ಗಾಯ ಪೂರ್ತಿ ಒಣಗೋ ತನಕ ನಿಲ್ಲಿಸೋ ಹಾಗಿಲ್ಲ. ಅದೊಂದು ಇರೋವರೆಗೂ ಕಾಲು ಇರುತ್ತೆ" ಎಂದಳು ಸೊಸೆ.

ಅಷ್ಟರಲ್ಲಿ ಸೋಪಮ್ಮ ತನ್ನ ವಾರ್ಡನ್ನು ತಲೆಕೆಳಗು ಮಾಡಿದ್ದಳು. ಹಳೆಯ ಬೇಸಿನ್ನು ಕೀಳಿಸಿ, ಹಾಸಿಗೆಗಳಿಂದ ದೂರದ ಗೋಡೆಗೆ ಹೊಸದನ್ನು ಕೂಡಿಸಿದಳು, ನೀರು ತೂತಿನ ಮೇಲೆ ಬೀಳದಂಥದ್ದು. ಉಳಿದ ಔಷಧಕ್ಕೆ ಮುಚ್ಚಳದ ಡಬ್ಬಿ ಬಂತು. ಹುಡುಗಿಯರು ಮರೆತು ಬಾಟಲಿ ಹಿಡಿದು ಬೇಸಿನ್ನಿನ ಕಡೆ ತಿರುಗಿದರೆ ಅವಳ ಒಂದು ಕೆಮ್ಮು ಸಾಕಿತ್ತು. ಮಿಕ್ಕ ವಾರ್ಡುಗಳಿಗೂ ಹೇಳಬೇಕೆಂದು ಮೇಲಿನವರಿಗೆ ತಿಳಿಸಿದಳು. ಸಭೆ ಕರೆಯುತ್ತೇವೆ ಎಂದರು. ಅವಳಿಗೂ ತನ್ನ ಬಾಗಿಲಿನ ಒಳಗೆ ಎಲ್ಲ ಸರಿಯಾದದ್ದೇ ದೊಡ್ಡದಾಗಿ ಕಂಡು, ಮೈಮೇಲಿನ ಭಾರ ಇಳಿದಂತಾಗಿತ್ತು.

ಕೊನೆಗೆ ಒಂದು ಮಧ್ಯಾಹ್ನ, ನೋಡಲು ಹೋಗಬಹುದು ಎಂದರು. ಸೋಪಮ್ಮ ಬೇರೆ ಸೀರೆ ಉಟ್ಟು, ಅಣ್ಣನ ಅಂಗಡಿಯಿಂದ ಅವನು ಕೇಳಿದ್ದ ಹಿತ್ತಾಳೆಯ ಒಂದು ಹಳೇ ಬೀಗವನ್ನು ಕುದಿವ ನೀರಲ್ಲಿ ಅದ್ದಿ ತೆಗೆದು, ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಳ ದಾಟಿದಳು. ಹೊಸ ಕಟ್ಟಡದ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಣ್ಣ ಮಗ್ಗುಲಾಗಿ, ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಮಲಗಿದ್ದ. ಕೆನ್ನೆಗೆ ಬಣ್ಣ ಬಂದಿತ್ತು. ಹೊದಿಕೆಯ ಕೆಳಗೆ ಎರಡೂ ಕಾಲುಗಳ ಉಬ್ಬು ಕಂಡಿತು. ಅದನ್ನು ನೋಡಿದ್ದೇ ಅವಳ ಕಣ್ಣು ತುಂಬಿ ಬಂತು.

ಬಾಗಿಲಿಗೆ ಬೆನ್ನು ಹಾಕಿ ಎಳೆಯ ಪ್ರಾಯದ ಒಬ್ಬ ನರ್ಸು ನಿಂತಿದ್ದಳು. ಡ್ರಿಪ್ ಮುಗಿದ ಬಾಟಲಿಯನ್ನು ಕೊಕ್ಕೆಯಿಂದ ಇಳಿಸಿ, ಮೂಲೆಯ ಬೇಸಿನ್ನಿಗೆ ಬಗ್ಗಿಸಿದಳು. ನಲ್ಲಿ ತಿರುಗಿಸಿ ಒಂದಿಷ್ಟು ನೀರು ಹಿಡಿದು, ಕುಲುಕಿ, ಅದನ್ನೂ ಸುರಿದಳು. ಆಮೇಲೆ ಬಾಟಲಿಯ ಕತ್ತನ್ನು ಅಂಚಿಗೆ ಬಡಿದಳು. ಕಿರುಬೆರಳು ಮೇಲಿತ್ತು.

ಟಕ್ ಟಕ್.

"ಬಂದ್ಯಾ ಪುಟ್ಟಿ?" ಎಂದ ಅಣ್ಣ, ಕಣ್ಣು ತೆರೆಯದೆ.

ಸೋಪಮ್ಮ ಬಾಗಿಲಲ್ಲೇ ನಿಂತಿದ್ದಳು. ನರ್ಸು ತಿರುಗಿ ನೋಡಿದಳು. ಎಂದೂ ಕಂಡ ಮುಖವಲ್ಲ.

"ನೀನು ಗಾಯಾಳುಗಳ ವಾರ್ಡಲ್ಲಿ ಇದ್ಯೇನಮ್ಮ, ಯಾವಾಗಾದ್ರೂ?"

"ಇಲ್ಲ ಸಿಸ್ಟರ್. ಬೇರೆ ಊರಲ್ಲಿದ್ದೆ. ಇಲ್ಲಿಗೆ ಈಗಷ್ಟೇ ಬಂದಿದ್ದು."

"ಬಾಟಲಿ ಹೀಗೆ ಬಡಿಯೋದು ಯಾರು ಹೇಳಿಕೊಟ್ರು?"

ನರ್ಸು ಕೈಯಲ್ಲಿದ್ದ ಬಾಟಲಿಯನ್ನು ಹೊಸದೆಂಬಂತೆ ನೋಡಿದಳು. "ಯಾರೂ ಹೇಳಿಕೊಟ್ಟಿದ್ದಲ್ಲ. ಅಲ್ಲಿ ಎಲ್ಲರೂ ಹೀಗೇ ಮಾಡ್ತಿದ್ರು. ಯಾಕೆ ಸಿಸ್ಟರ್, ತಪ್ಪಾ?"

ಬಾಟಲಿಯ ಮೇಲಿನ ಚೀಟಿ ಬಾಗಿಲಿನಿಂದಲೇ ಓದಲು ಬರುತ್ತಿತ್ತು. ಕೊನೆಯ ಔಷಧದ ಹೆಸರು ಅದು. ಅದರಾಚೆ ಇನ್ನೊಂದಿಲ್ಲ. ಬೇಸಿನ್ನಿನ ತೂತಿನಲ್ಲಿ ನೀರು ಗುಳುಗುಳು ಎಂದು ಇಳಿಯುತ್ತಿತ್ತು. ಅಲ್ಲಿಂದ ಅಣ್ಣನ ಕಾಲು ಎಷ್ಟು ದೂರ ಎಂದು ಸೋಪಮ್ಮ ಕಣ್ಣಲ್ಲೇ ಅಳೆದಳು. ಕೈ ಚಾಚಿದರೆ ಸಿಗುವಷ್ಟು. ಜೀವಮಾನದಲ್ಲಿ ಅವಳು ಅಷ್ಟು ಹೆದರಿದ್ದಿಲ್ಲ.

ಕೈಯಲ್ಲಿದ್ದ ಬೀಗವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮಂಚದ ಗಾಲಿಯ ಬ್ರೇಕನ್ನು ಕಾಲಿಂದ ಬಿಡಿಸಿದಳು.

"ತಪ್ಪು ನಿಂದಲ್ಲಮ್ಮ. ಆ ಕಡೆ ಹಿಡಿ" ಎಂದಳು ನರ್ಸಿಗೆ.

ಅಣ್ಣ ಕಣ್ಣು ಬಿಟ್ಟು, ಮೊದಲು ನರ್ಸನ್ನೂ ಆಮೇಲೆ ತಂಗಿಯನ್ನೂ ನೋಡಿದ. ಬಡಿದವರು ಯಾರು, ಬಂದವರು ಯಾರು ಎಂದು ಅವನಿಗೆ ಗಲಿಬಿಲಿಯಾಯಿತು.

"ಎಲ್ಲಿಗೆ ಪುಟ್ಟಿ?"

"ಗೊತ್ತಿಲ್ಲ ಅಣ್ಣ. ಮೊದ್ಲು ಇಲ್ಲಿಂದ ಆಚೆಗೆ" ಎಂದು ಅವಳು ಮಂಚವನ್ನು ಬಾಗಿಲ ಕಡೆಗೆ ತಳ್ಳಿದಳು.